ಎರಡು ಬೊಗಸೆ ಉಪ್ಪು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ನಿಮ್ಮೂರಿನ ಗಾದೆ. ನಮ್ಮೂರಿನ ಗಾದೆ ಬೇರೆ: ತಪ್ಪು ತಿಂದವನು ಉಪ್ಪು ಹುಡುಕಲೇಬೇಕು. ಗಾದೆ ಕೆಡಿಸುವುದು ನನ್ನ ಹಳೆಯ ಚಟ, ಒಪ್ಪಿದೆ. ಆದರೆ ಈಗ ಹೇಳಹೊರಟಿರುವುದು ಮಾತ್ರ ನಡೆದದ್ದು ನಡೆದ ಹಾಗೆ. ನಡುವೆ ಎಲ್ಲಾದರೂ ನಾಲಿಗೆ ಜಾರಿದರೆ, ಆ ದಿನಗಳಲ್ಲಿ ನನ್ನ ನಾಲಿಗೆ ಎಂಥ ಸ್ಥಿತಿಯಲ್ಲಿತ್ತು ಎಂದು ತಿಳಿದ ಮೇಲೆ ನೀವೇ ಮಾಫಿ ಮಾಡುತ್ತೀರಿ.

ನಮ್ಮೂರಿನಲ್ಲಿ ತಪ್ಪು ಮಾಡಿದವನ ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಹುಳಿ ಹತ್ತುತ್ತದೆ, ಖಾರ ಹತ್ತುತ್ತದೆ, ಸಿಹಿಯೂ ಹತ್ತುತ್ತದೆ. ಉಪ್ಪು ಮಾತ್ರ ಮರಳಿನ ಹಾಗೆ ಹಲ್ಲಿಗೆ ಸಿಕ್ಕಿ ಸುಮ್ಮನೆ ಕರಗಿಹೋಗುತ್ತದೆ. ಎಲ್ಲಿಗೋ ಹೋಗಿ ಬಂದ ಗಂಡ ಮಧ್ಯಾಹ್ನದ ಊಟಕ್ಕೆ ಕೂತು ಉಪ್ಪಿನ ಬಟ್ಟಲಿಗೆ ಕೈ ಚಾಚಿದರೆ ಹೆಂಡತಿಗೆ ಬೇರೆ ಪತ್ತೇದಾರಿಕೆ ಬೇಕಿಲ್ಲ. ಹಾಗಾಗಿ ಗಂಡಂದಿರು ಕೈ ಚಾಚುವುದನ್ನೇ ಬಿಟ್ಟು, ಸಪ್ಪೆಯನ್ನೇ ಚಪ್ಪರಿಸಿ ಉಣ್ಣುವುದನ್ನು ಕಲಿತರು. "ನನಗೆ ಬಿ.ಪಿ., ಡಾಕ್ಟರು ಉಪ್ಪು ಬಿಡಿಸಿದ್ದಾರೆ" ಎನ್ನುವುದು ನಮ್ಮೂರಿನ ಅತ್ಯಂತ ಮರ್ಯಾದಸ್ಥ ಸುಳ್ಳು. ಹೆಣ್ಣು ನೋಡಲು ಬಂದ ಗಂಡಿಗೆ ಉಪ್ಪಿಲ್ಲದ ಉಪ್ಪಿಟ್ಟು ಕೊಡುತ್ತಾರೆ. "ತುಂಬಾ ಚೆನ್ನಾಗಿದೆ" ಅಂದನೋ, ತಟ್ಟೆಯ ಜೊತೆಗೆ ಹುಡುಗಿಯೂ ಒಳಗೆ ಹೋಗುತ್ತಾಳೆ. ಊಟಕ್ಕೆ ಕೂತವರನ್ನು "ಉಪ್ಪು ಸರಿಯಾಗಿದೆಯಾ?" ಎಂದು ಕೇಳುವಷ್ಟು ಒರಟುತನ ನಮ್ಮೂರಿನಲ್ಲಿ ಇನ್ನೊಂದಿಲ್ಲ. ಆ ಪ್ರಶ್ನೆಗೆ ತಲೆ ಒಡೆದದ್ದೂ ಉಂಟು.

ಹೋದ ಉಪ್ಪು ಮರಳಿ ಬರುವುದಕ್ಕೆ ಮಾತ್ರ ಹೀಗೆಯೇ ಎಂಬ ದಾರಿಯಿಲ್ಲ. ಕೋಳಿ ಕದ್ದ ಪೌಲಿನಮ್ಮನಿಗೆ, ಸ್ವಾಮಿಗಳು ಜಾಲರಿಯ ಹಿಂದೆ ಕೂತು ತಪ್ಪು ಕೇಳಿಸಿಕೊಳ್ಳುವ ಪಾಪನಿವೇದನೆಯ ಗೂಡಿನಿಂದ ಎದ್ದು ಗುಡಿಯ (ನಮಗೆ ಚರ್ಚೆಂದರೆ ಗುಡಿ) ಹೊಸಿಲು ದಾಟುವಷ್ಟರಲ್ಲಿ ಬಂತು. ನಲವತ್ತು ದಿನ ಉಪವಾಸ ಮಾಡಿದ ಒಬ್ಬನಿಗೆ ಬರಲಿಲ್ಲ. ಸಿಟ್ಟಿನಿಂದ ಉಪವಾಸ ಮುರಿದು ಬೋಂಡ ತಿಂದನಲ್ಲ, ಬೋಂಡದಲ್ಲೇ ಬಂತು. ರೇಷನ್ ಅಂಗಡಿಯಲ್ಲಾದರೂ ಒಂದು ಸಾಲು ಇರುತ್ತದೆ, ಇದಕ್ಕೆ ಅದೂ ಇಲ್ಲ. ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ಸ್ವಾಮಿಗಳು ಅದರ ನಾಲಿಗೆಯ ಮೇಲೆ ಒಂದು ಹರಳು ಇಡುತ್ತಾರೆ. ಅದುವರೆಗೆ ನಮ್ಮೂರಿನ ಯಾವ ಕೂಸಿಗೂ ಉಪ್ಪು ಗೊತ್ತಿಲ್ಲ. ಹರಳು ತಾಕಿ ಮುಖ ಕಿವುಚಿ ಅತ್ತರೆ ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಾರೆ. ಏನೂ ಮಾಡದ ಕೂಸಿನದು ಹೋಗಿದ್ದೇಕೆ, ಏನೂ ಮಾಡದೆ ಬಂದದ್ದೇಕೆ ಎಂದು ಯಾರೂ ಕೇಳಿದವರಿಲ್ಲ. ಕೇಳಿದರೆ ಹಿರಿಯರ ಬಾಯಲ್ಲಿ ಇರುವುದು ಒಂದೇ ಮಾತು: "ಉಪ್ಪು ದೇವರದು, ಬಾಯಿ ನಿನ್ನದು."

ನನ್ನ ಹೆಸರು ಸೌರಿ. ಬಿ.ಎ. ಓದಲು ಹೊರಗಿನ ಪಟ್ಟಣಕ್ಕೆ ಹೋದಾಗ ಅಲ್ಲಿಯವರು "ಸಾರಿ" ಎಂದು ಕರೆದರು. ನಾನು ಹುಟ್ಟಿದಾಗಿನಿಂದ ಬಾಯಿಬಿಟ್ಟು ಹೇಳದ ಒಂದೇ ಮಾತನ್ನು ನನಗೇ ಹೆಸರಾಗಿ ಇಟ್ಟರು. ಪದವಿಯ ಜೊತೆಗೆ ನಾನು ತಂದದ್ದು ಇತರರ ದನಿ. ಬಸ್ಸು, ಬಸ್ಸಿನ ಕಂಡಕ್ಟರು, ರುಬ್ಬುವ ಯಂತ್ರ, ನೆಗಡಿಯಾದ ಪ್ರಿನ್ಸಿಪಾಲರು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ಊರಿಗೆ ಬಂದು ಗುಡಿಯ ಶಾಲೆಯಲ್ಲಿ ಕನ್ನಡ ಮೇಷ್ಟ್ರಾದೆ. ಗುಡಿಯ ಬೀಗದ ಕೈಯೂ ನನ್ನ ಹತ್ತಿರವೇ ಇರುತ್ತಿತ್ತು. ನಮ್ಮ ಗುಡಿಯ ಗುರುಗಳು, ಅಂದರೆ ಪಾದ್ರಿ ರಾಯಪ್ಪ ಸ್ವಾಮಿ ಎರಡು ಮಾತಿಗೊಮ್ಮೆ ಸೊರ್ರೆಂದು ನಸ್ಯ ಏರಿಸಿ, ಮೂಗಿನಲ್ಲೇ "ಹೂಂ, ಆಮೇಲೆ?" ಎನ್ನುವವರು. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಗುಡಿಯ ನಾಯಿ ಎದ್ದು ಬಾಲ ಆಡಿಸುತ್ತ ನನ್ನ ಹಿಂದೆ ಬರುತ್ತಿತ್ತು.

ಈಗ ಇನ್ನಾಸಪ್ಪನ ವಿಷಯ. ಅರವತ್ತರ ಹತ್ತಿರದ ಆಳು, ಸೌಟಿನಂಥ ಕೈಗಳು. ಗುಡಿಯ ದೊಡ್ಡ ಊಟಗಳಿಗೆಲ್ಲ ಅವನೇ ಅಡುಗೆಯವನು. ಊರಿನ ಹುಡುಗರೆಲ್ಲ ಅವನಿಗೆ ಮಾವ ಅನ್ನುತ್ತಿದ್ದೆವು. ಅವನ ಉಪ್ಪು ಹೋಗಿ ಹದಿನೆಂಟು ವರ್ಷ. ಅದನ್ನವನು ಮುಚ್ಚಿಟ್ಟವನಲ್ಲ. ರುಚಿ ನೋಡದೆ, ಅಂಗೈಯ ಅಳತೆಯಲ್ಲೇ ಮುನ್ನೂರು ಜನರ ಸಾರಿಗೆ ಉಪ್ಪು ಹಾಕುತ್ತಿದ್ದ, ಒಂದು ಸಲವೂ ತಪ್ಪಿದ್ದಿಲ್ಲ. ಬಿಟ್ಟುಹೋದ ಉಪ್ಪಿಗಾಗಿ ಅವನು ಮಾಡದ ಪುಣ್ಯದ ಕೆಲಸವಿರಲಿಲ್ಲ. ಪ್ರತಿ ಶುಕ್ರವಾರ ಬರಿಗಾಲಲ್ಲಿ ಶಿಲುಬೆ ಗುಡ್ಡ ಹತ್ತಿದ. ವರ್ಷಕ್ಕೊಮ್ಮೆ ಇಡೀ ಗುಡಿಗೆ ಒಬ್ಬನೇ ಸುಣ್ಣ ಹೊಡೆದ. ಹುಣ್ಣಾದವರ ಕಾಲು ತೊಳೆದ. ಪ್ರತಿ ಶನಿವಾರ ಗೂಡಿನ ಮುಂದೆ ಮೊಣಕಾಲೂರಿ ಅರ್ಧ ತಾಸು ಪಾಪ ಹೇಳಿಕೊಳ್ಳುತ್ತಿದ್ದ, ಹಿಂದಿನ ಸಾಲು ಕಾಲು ನೋವೆಂದು ಗೊಣಗುತ್ತಿತ್ತು. ಊರು ಅವನನ್ನು ಕುಡುಕ, ಮುಂಗೋಪಿ, ಆದರೆ ಒಳ್ಳೆಯವನು ಎಂದುಕೊಂಡು ಸುಮ್ಮನಾಗಿತ್ತು.

ಅವನಿಗಿಂತ ಮುಂಚೆ ಗುಡಿಯ ಅಡುಗೆ ಮಾಡುತ್ತಿದ್ದವರು ನಮ್ಮಪ್ಪ, ಚಿನ್ನಪ್ಪ. ಅಪ್ಪ ರುಚಿ ನೋಡುತ್ತಿದ್ದರು, ಅದೂ ಎಲ್ಲರ ಎದುರಿಗೆ. ಎಲೆ ಹಾಕಿ ಪಂಕ್ತಿ ಕೂತ ಮೇಲೆ ಸೌಟಿನಿಂದ ಎಡಗೈಗೆ ಸಾರು ಹನಿಸಿ, ಸುರಿದು, ಕಣ್ಣು ಮುಚ್ಚಿ ಗಟ್ಟಿಯಾಗಿ "ಸರಿಯಾಗಿದೆ" ಅನ್ನುವರು. ಆ ಮಾತು ಬೀಳದೆ ಬಡಿಸುವಂತಿರಲಿಲ್ಲ. ನನಗೆ ಆರು ವರ್ಷವಿದ್ದಾಗ ಒಂದು ಪಾಸ್ಖ ಹಬ್ಬದ, ಅಂದರೆ ಈಸ್ಟರಿನ ಮಧ್ಯಾಹ್ನ ಅಪ್ಪ ಹಾಗೆಯೇ "ಸರಿಯಾಗಿದೆ" ಅಂದರು. ಬಡಿಸಿದ ಸಾರನ್ನು ಬಾಯಿಗಿಡಲಾಗಲಿಲ್ಲ, ಉಪ್ಪೋ ಉಪ್ಪು. (ಅದನ್ನು ಚಪ್ಪರಿಸಿ ಉಂಡ ಏಳು ಜನರ ಹೆಸರು ಊರಿಗೆ ಇವತ್ತಿಗೂ ನೆನಪಿದೆ.) ಅಂದರೆ ಚಿನ್ನಪ್ಪನ ನಾಲಿಗೆ ಸತ್ತಿದೆ, ಇಷ್ಟು ದಿನ ಎಲ್ಲರ ಮುಂದೆ ನಾಟಕ ಆಡಿದ್ದಾನೆ. ಸತ್ತದ್ದು ಯಾವ ಪಾಪದಿಂದ? ಊರು ಒಂದೊಂದೇ ಊಹಿಸಿ, ಕೊನೆಗೆ ಕಲ್ಲುಕ್ವಾರಿಯ ಹತ್ತಿರದ ಒಬ್ಬಳ ಹೆಸರು ಹಿಡಿಯಿತು. ಎಲ್ಲರಂತೆ ಅಮ್ಮನೂ ಕೇಳಿದಳು: "ನಿಜ ಹೇಳಿ, ಯಾರವಳು?" ಅಪ್ಪ ಮರುದಿನ ಬೆಳಿಗ್ಗೆ ತಮ್ಮ ಸೌಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಮೂರನೆಯ ವರ್ಷ ದೂರದ ಯಾವುದೋ ಹಾಸ್ಟೆಲಿನಿಂದ ಕಾಗದ ಬಂತು, ಜ್ವರದಲ್ಲಿ ತೀರಿಕೊಂಡರು, ಅಲ್ಲೇ ಮಣ್ಣು ಮಾಡಿದೆವು ಎಂದು. ನಮ್ಮಮ್ಮ ಲೂರ್ದಮ್ಮ ಆಮೇಲೂ ಪಾಸ್ಖದ ಊಟಕ್ಕೆ ತಪ್ಪದೆ ಬಂದಳು. ಕೊನೆಯ ಸಾಲಿನಲ್ಲಿ ಕೂತು, ಎಲೆ ಹಾಕಿಸಿಕೊಂಡು, ಒಂದು ಅಗುಳೂ ಮುಟ್ಟದೆ ಏಳುತ್ತಿದ್ದಳು.

ಪಾಸ್ಖಕ್ಕೆ ಎರಡು ವಾರವಿದ್ದಾಗ, ತಪಸ್ಸುಕಾಲದ ಒಂದು ಶನಿವಾರ. ಕ್ವಾರಿಯ ಕಡೆ ಯಾರದೋ ಪ್ರಾಣ ಹೋಗುತ್ತಿದೆಯೆಂದು ರಾಯಪ್ಪ ಸ್ವಾಮಿಯನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ನಾಲ್ಕು ಗಂಟೆಯ ಬಿಸಿಲು. ನಾನು ಮನೆಯಲ್ಲಿ ಒಣಸೀಗಡಿ ಚಟ್ನಿಯಲ್ಲಿ ಗಡದ್ದಾಗಿ ಉಂಡು, ಗುಡಿಯ ಬೀಗ ಹಾಕಲು ಬಂದಿದ್ದೆ. ದೂರದಲ್ಲಿ ಇನ್ನಾಸಪ್ಪ ಬರುವುದು ಕಾಣಿಸಿತು. ನನಗೆ ಏನಾಯಿತೋ, ಗೂಡಿನೊಳಗೆ ಹೋಗಿ ಕದ ಎಳೆದುಕೊಂಡೆ. ಹೇಳಬೇಕಾದ ಪ್ರಾಯಶ್ಚಿತ್ತವೂ ಹೊಳೆದಿತ್ತು: ಪಾಸ್ಖದ ಮುಂಚಿನ ಗರಿಗಳ ಭಾನುವಾರ ಅಗಸರ ಕತ್ತೆಯ ಮೇಲೆ ಕೂತು ಮೂರು ಸುತ್ತು ಗುಡಿ ಸುತ್ತು ಎಂದು. ಇನ್ನಾಸಪ್ಪ ಕತ್ತೆಯ ಮೇಲೆ ಕೂತ ಚಿತ್ರ ಕಣ್ಣಿಗೆ ಕಟ್ಟಿ, ನಗು ತಡೆಯಲು ನಾಲಿಗೆ ಕಚ್ಚಿಕೊಂಡಿದ್ದೆ.

ಅವನು ಜಾಲರಿಯ ಆಚೆ ಮೊಣಕಾಲೂರಿ ಶಿಲುಬೆ ಗುರುತು ಹಾಕಿದ. ನಾನು ಸೊರ್ರೆಂದೆ. ಅವನು ಮಾಮೂಲು ಪಟ್ಟಿ ಶುರು ಮಾಡಿದ: ಮಂಗಳವಾರ ಕುಡಿದೆ, ಹೆಂಡತಿಗೆ ಬೈದೆ, ಜಪಸರ ಹೇಳುವಾಗ ನಿದ್ದೆ ಮಾಡಿದೆ. "ಹೂಂ, ಆಮೇಲೆ?" ಅಂದೆ. ಅವನು ಜಾಲರಿಗೆ ಮುಖ ಹತ್ತಿರ ತಂದ, ಉಸಿರು ಎಳೆದುಕೊಂಡ. ನನಗೆ ಸೆಖೆ. ಇನ್ನೊಮ್ಮೆ "ಹೂಂ, ಆಮೇಲೆ?" ಅಂದೆ.

"ಇನ್ನೊಂದೈತೆ," ಅಂದ. ದನಿ ಬೇರೆಯಾಗಿತ್ತು. "ಹದಿನೆಂಟು ವರ್ಸದಿಂದ ಇಲ್ಲಿ ಬಂದು ಕೂರ್ತೀನಿ, ಬಾಯಿ ತನಕ ಬತ್ತದೆ, ಅಲ್ಲಿಂದ ವಾಪಸ್ ಹೋಯ್ತದೆ. ಚಿನ್ನಪ್ಪಣ್ಣಂದು. ಅವತ್ತು ಅವನು ರುಚಿ ನೋಡಿ ಸರಿಯಾಗಿದೆ ಅಂದು, ಎಲೆ ಸಾಲು ನೋಡೋಕೆ ಅತ್ಲಾಗೆ ತಿರುಗಿದ. ನಾನು ಹಿಂದ್ಗಡೆ ನಿಂತಿದ್ದೆ. ಕೊಪ್ಪರಿಗೆಗೆ ಒಂದು ಬೊಗಸೆ ಉಪ್ಪು ಹಾಕ್ದೆ."

ನನಗೆ ನಸ್ಯದ ಸದ್ದು ಮಾಡಲು ಉಸಿರೇ ಸಿಗಲಿಲ್ಲ.

"ಸೈತಾನ ಕೈ ಹಿಡ್ದು ಹಾಕಿಸ್ದ ಅಂದ್ರೆ ಸುಳ್ಳಾಯ್ತದೆ. ಒಂದು ಬೊಗಸೆಗೇ ನಿಲ್ಲಿಸ್ಬೋದಾಗಿತ್ತು. ಅಷ್ಟಕ್ಕೆ ಸಾರು ಕೆಡ್ತಿರ್ಲಿಲ್ಲ, ಜನ ಒಂದ್ಕಿತ ಮುಖ ಸಿಂಡರಿಸಿ ಉಂಡು ಹೋಗೋರು. ನಿಂತೆ. ಯೋಚ್ನೆ ಮಾಡ್ದೆ. ಯೋಚ್ನೆ ಮಾಡೇ ಎರಡ್ನೇದು ಹಾಕ್ದೆ."

"ಯಾಕೆ?" ಅದು ಯಾರ ದನಿಯಲ್ಲಿ ಹೊರಟಿತೋ ನನಗೆ ಗೊತ್ತಿಲ್ಲ.

"ಹತ್ತು ವರ್ಸ ಅವನ ಕೈಕೆಳಗೆ ಈರುಳ್ಳಿ ಹೆಚ್ದೋನು ನಾನು. ಊರೆಲ್ಲ ಅವನ ಒಂದು ಮಾತಿಗೆ ಕಾಯ್ಕೊಂಡು ಕೂತಿರೋದು. ಆ ಮಾತು ಒಂದಿನ ನಾನು ಹೇಳ್ಬೇಕು ಅನ್ನಿಸ್ತು. ಅವನು ಹೋದ. ಸೌಟು ನನ್ನ ಕೈಗೆ ಬಂತು. ಅವತ್ನಿಂದ ಸರಿಯಾಗಿದೆಯೋ ಇಲ್ವೋ ನನಗೇ ಗೊತ್ತಾಗ್ತಿಲ್ಲ."

ಈಗ ನಾನು ಕದ ತೆಗೆದು ಹೊರಗೆ ಬರಬಹುದಿತ್ತು. ಕೊರಳಪಟ್ಟಿ ಹಿಡಿಯಬಹುದಿತ್ತು, ಅತ್ತುಬಿಡಬಹುದಿತ್ತು. ಯಾವುದಾದರೂ ನನ್ನದಾಗಿರುತ್ತಿತ್ತು. ನಾನೂ ನಿಂತೆ, ನಾನೂ ಯೋಚನೆ ಮಾಡಿದೆ. ಆಮೇಲೆ ಸೊರ್ರೆಂದು ನಸ್ಯ ಏರಿಸಿದಂತೆ ಮಾಡಿ, ರಾಯಪ್ಪ ಸ್ವಾಮಿಯ ಮೂಗಿನಲ್ಲಿ ಹೇಳಿದೆ: "ಈ ಪಾಸ್ಖದ ದಿನ ಊರು ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ ಮಾಡಿದ್ದು ಹೇಳು. ಹೇಳಿ, ನಿನ್ನ ಕೊಪ್ಪರಿಗೆಗೂ ಎರಡು ಬೊಗಸೆ ಉಪ್ಪು ಹಾಕು. ಕೆಟ್ಟ ಸಾರಿನ ಮುಂದೆ ಅವನು ನಿಂತ ಹಾಗೇ ನಿಲ್ಲು. ಅದಾದ ಮೇಲೆ ಕ್ಷಮೆ. ಮೊದಲಲ್ಲ."

"ಆಯ್ತು," ಅಂದ ಇನ್ನಾಸಪ್ಪ. ಎದ್ದು ಹೋದ. ಅವನ ಮೊಣಕಾಲು ಲಟಕ್ಕೆಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಅನುಕರಿಸಲು ಹೋಗದ ಒಂದೇ ಸದ್ದು ಅದು.

ಅವತ್ತಿನ ರಾತ್ರಿಯೂಟದ ಸಾರು ಸಪ್ಪೆಯಾಗಿತ್ತು. ಅಮ್ಮ ಮರೆತಳೇನೋ ಅಂದುಕೊಂಡು ಉಪ್ಪಿನಕಾಯಿ ಹಾಕಿಕೊಂಡೆ. ಅದೂ ಬರೀ ಹುಳಿ, ಬರೀ ಖಾರ. ಅಮ್ಮ ನನ್ನ ತಟ್ಟೆ ನೋಡಿದಳು, ಮುಖ ನೋಡಿದಳು, ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಒಮ್ಮೆ ಕೇಳಿ ಆದದ್ದೇ ಸಾಕಾಗಿತ್ತು. ಅವಳಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಪ್ಪ ತಪ್ಪು ಮಾಡಿರಲಿಲ್ಲ ಎಂದು ಹೇಳುವುದೆಂದರೆ, ನೀನು ಕೇಳಿದ್ದೇ ತಪ್ಪು ಎಂದೂ ಹೇಳಿದ ಹಾಗೆ. ಬಾಯಿ ಮುಚ್ಚಿಕೊಂಡೆ.

ಆ ಎರಡು ವಾರ ನಾನು ಕೂತಲ್ಲಿ ಕೂರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಡೆದು, ಯಾವ ಬಸ್ಸೂ ಹತ್ತದೆ ವಾಪಸ್ಸು ಬರುತ್ತಿದ್ದೆ. ತರಗತಿಯಲ್ಲಿ ಮಕ್ಕಳು "ಸಾರ್, ಕಂಡಕ್ಟರ್ ಮಾಡಿ" ಎಂದು ಪೀಡಿಸಿದರೆ, ಕಂಡಕ್ಟರು ಬರುವ ಬದಲು ಬರೀ ಕೆಮ್ಮು ಬರುತ್ತಿತ್ತು. ಒಮ್ಮೆ ಅನ್ನಿಸುವುದು: ಸರಿಯಾಗೇ ಮಾಡಿದೆ, ನಮ್ಮಪ್ಪ ನಿಂತಲ್ಲಿ ಅವನೂ ನಿಲ್ಲಲಿ. ಹಾಗನ್ನಿಸಿದ ಬೆನ್ನಿಗೇ ಹೋಟೆಲಿಗೆ ನುಗ್ಗಿ ಖಾರಾಬೂಂದಿ ಬಾಯಿಗೆ ಹಾಕಿ ನೋಡುತ್ತಿದ್ದೆ. ಸಪ್ಪೆ. ಹೋಟೆಲಿನವನು ಬಲು ಸೂಕ್ಷ್ಮದವನು, ಕೇಳದೆಯೇ ಉಪ್ಪಿನ ಬಟ್ಟಲನ್ನು ನನ್ನ ಮೊಣಕೈಯ ಹತ್ತಿರ ಸರಿಸಿ, ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ.

ತಡೆಯಲಾರದೆ ಒಂದು ಸಂಜೆ ರಾಯಪ್ಪ ಸ್ವಾಮಿಯ ಹತ್ತಿರ ಹೋದೆ. ಅವರು ಗುರುಮನೆಯ ಹಿಂದೆ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಅಲ್ಲೇ ಪಾತಿಯ ಪಕ್ಕ ಮೊಣಕಾಲೂರಿ ಎಲ್ಲವನ್ನೂ ಹೇಳಿದೆ. ಅವರು ನೀರಿನ ಡಬ್ಬ ಕೆಳಗಿಟ್ಟರು. ನಸ್ಯದ ಡಬ್ಬಿ ತೆಗೆದರು, ಯಾಕೋ ಏರಿಸದೆ ಮತ್ತೆ ಮುಚ್ಚಿದರು.

"ಆ ಗೂಡಿನಲ್ಲಿ ಕೂತು ನೀನು ಮಾಡಿದ್ದು ಏನು ಅಂತ ಗೊತ್ತಾ? ನಾನು ಬಿಷಪ್ಪರಿಗೆ ಬರೀಬೇಕು. ನಿನ್ನ ಹೆಸರು ಹಾಕದೆ ಬರೀಬೇಕು, ಅದೊಂದು ಕಷ್ಟ. ಅವರು ಉತ್ತರ ಕೊಡೋ ತನಕ ನಾನು ನಿನ್ನನ್ನ ಕ್ಷಮಿಸೋ ಹಾಗೂ ಇಲ್ಲ."

"ಇನ್ನಾಸಪ್ಪನ ಗತಿ ಏನು ಸ್ವಾಮಿ? ಕೇಳಿಸಿಕೊಂಡ ಗುರುವೇ ಸುಳ್ಳು ಅಂದಮೇಲೆ, ಅವನು ಹೇಳಿಕೊಂಡದ್ದೂ ಸುಳ್ಳಾ?"

"ಅಂಚೆಯವನು ಕಳ್ಳನಾದರೆ ಕಾಗದ ಬರೆದವನು ಸುಳ್ಳನಾಗ್ತಾನಾ? ಕ್ಷಮೆ ಬರೆದ ದೇವರು ಹೇಗಾದರೂ ತಲುಪಿಸ್ತಾನೆ. ಹೇಗೆ ಅಂತ ನನ್ನ ಕೇಳಬೇಡ. ನಲವತ್ತು ವರ್ಷ ಆ ಗೂಡಿನಲ್ಲಿ ಕೂತಿದ್ದೀನಿ, ನನಗೇ ಒಂದು ಸಲವೂ ಅವನು ಮುಂಚೆ ತಿಳಿಸಿ ಮಾಡಿದ್ದಿಲ್ಲ." ಸ್ವಾಮಿ ಬಗ್ಗಿ ಒಂದು ಕಳೆ ಕಿತ್ತರು. "ಆದರೆ ನೀನೇನು ಹೇಳಿಬಿಟ್ಟೆ ನೋಡು. ಮೊದಲು ಹಾಕು, ಆಮೇಲೆ ಕ್ಷಮೆ. ಈ ಮಾತು ನನ್ನ ದನಿಯಲ್ಲಿ ಹೇಳಿದೆಯಲ್ಲ, ನನಗೆ ಹೊಟ್ಟೆ ಉರಿಯೋದು ಅದಕ್ಕೆ. ಇನ್ನಾಸಪ್ಪ ಗುಡ್ಡ ಹತ್ತಿದ್ದಕ್ಕೆ ಉಪ್ಪು ಬರಲಿಲ್ಲ, ಸುಣ್ಣ ಹೊಡೆದದ್ದಕ್ಕೆ ಬರಲಿಲ್ಲ. ಇನ್ನೂ ಒಂದು ಗುಡ್ಡ ತಂದು ಅವನ ಮುಂದೆ ಇಟ್ಟೆ."

"ನೀವೇ ಅವನಿಗೆ ಹೇಳಿಬಿಡಿ ಸ್ವಾಮಿ, ಗೂಡಿನಲ್ಲಿದ್ದದ್ದು ನೀವಲ್ಲ ಅಂತ."

"ನೀನು ಮೊಣಕಾಲೂರಿ ಹೇಳಿದ್ದು ನನ್ನ ಬಾಯಿಂದ ಹೊರಗೆ ಹೋಗೋ ಹಾಗಿಲ್ಲ. ನೀನೇ ಹೋಗು. ಗುರುವಾಗಿ ನೀನು ಅವನನ್ನ ಕ್ಷಮಿಸೋಕೆ ಬರಲ್ಲ. ಚಿನ್ನಪ್ಪನ ಮಗನಾಗಿ ಬರುತ್ತೆ. ಊರಿನವರ ವೇಷನೆಲ್ಲ ಹಾಕಿದ್ದೀಯ, ಅದೊಂದನ್ನ ಬಿಟ್ಟು."

ಹೋದೆ. ಮೊದಲ ಸಲ ಇನ್ನಾಸಪ್ಪ ಸೌದೆ ಒಡೆಯುತ್ತಿದ್ದ. "ಏನಪ್ಪಾ ಮೇಷ್ಟ್ರೇ?" ಅಂದ. ನನ್ನ ಗಂಟಲಿನಿಂದ ಕಂಡಕ್ಟರು ಹೊರಬಂದು "ರೈಟ್, ರೈಟ್" ಅಂದ. ಇನ್ನಾಸಪ್ಪ ನಕ್ಕ, ನಾನು ಹಿಂದಿರುಗಿದೆ. ಎರಡನೆಯ ಸಲ ಪ್ರಿನ್ಸಿಪಾಲರು ಬಂದರು. ಸ್ವಂತ ದನಿಯನ್ನು ಎಲ್ಲಿಟ್ಟಿದ್ದೆನೋ, ಹುಡುಕಿದಷ್ಟೂ ಬೇರೆಯವರೇ ಸಿಗುತ್ತಿದ್ದರು. ಮೂರನೆಯ ಸಲ ಹೋದದ್ದು ಪಾಸ್ಖದ ಹಿಂದಿನ ದಿನ, ಗುಡಿಯ ಹಿಂದಿನ ಅಡುಗೆ ಕೊಟ್ಟಿಗೆಗೆ. ಇನ್ನಾಸಪ್ಪ ಇರಲಿಲ್ಲ. ಒಲೆಯ ಪಕ್ಕ ಉಪ್ಪಿನ ಮೂಟೆ. ಅದರಿಂದ ಬೇರೆಯಾಗಿ, ಗೋಡೆಯ ಮಾಡದಲ್ಲಿ ಒಂದು ಹಿತ್ತಾಳೆ ಬೋಗುಣಿ, ಮೇಲೆ ಒಗೆದ ಬಿಳಿ ಬಟ್ಟೆ. ಎತ್ತಿ ನೋಡಿದರೆ ಕಲ್ಲುಪ್ಪು. ಅಳೆದು ನೋಡಬೇಕಿರಲಿಲ್ಲ. ಎರಡು ಬೊಗಸೆ.

ಬಟ್ಟೆಯನ್ನು ಅವನು ಮಡಿಸಿ ಮುಚ್ಚಿದ್ದ ರೀತಿ, ಪೂಜೆಯ ಬಟ್ಟಲಿಗೆ ಮುಚ್ಚುವ ಹಾಗಿತ್ತು. ಬಾಯಿ ಬಾರದವನು ಕೈಯಿಂದಲಾದರೂ ಮಾತಾಡಬೇಕು. ಅಂಗಡಿಗೆ ಓಡಿದೆ, ಸಣ್ಣ ಹರಳಿನ ಕಲ್ಲುಸಕ್ಕರೆ ತಂದೆ, ಉಪ್ಪನ್ನು ಮೂಟೆಗೆ ಸುರಿದು ಬೋಗುಣಿಗೆ ಸಕ್ಕರೆ ತುಂಬಿದೆ. ಬಟ್ಟೆಯನ್ನು ಇದ್ದ ಮಡಿಕೆಯಲ್ಲೇ ಮುಚ್ಚಿದೆ. ಇದೂ ಒಂದು ಕುಚೇಷ್ಟೆಯೇ, ಬಲ್ಲೆ. ನನಗೆ ಬರುತ್ತಿದ್ದದ್ದು ಅದೊಂದೇ.

ಪಾಸ್ಖದ ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಶಾಮಿಯಾನ, ಏಳು ಸಾಲು ಎಲೆ, ಮುದ್ದೆ, ಅನ್ನ. ಕೊಪ್ಪರಿಗೆಯಲ್ಲಿ ಕುರಿಸಾರು ಕುದಿಯುತ್ತಿತ್ತು. ರಾಯಪ್ಪ ಸ್ವಾಮಿ ಮೊದಲ ಸಾಲಿನ ತುದಿಯಲ್ಲಿ, ಅಮ್ಮ ಎಂದಿನಂತೆ ಕೊನೆಯ ಸಾಲಿನಲ್ಲಿ. ನಾನು ನೀರು ಬಡಿಸುವ ನೆಪದಲ್ಲಿ ಕೊಪ್ಪರಿಗೆಯ ಹತ್ತಿರವೇ ಸುಳಿದಾಡುತ್ತಿದ್ದೆ. ಇನ್ನಾಸಪ್ಪ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಒಸಿ ಎಲ್ಲಾರೂ ಕೇಳಿ," ಅಂದ. ಹೇಳಿದ. ಗೂಡಿನಲ್ಲಿ ಹೇಳಿದ ಹಾಗೆಯೇ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ; ಒಂದು ಬೊಗಸೆಗೆ ನಿಂತದ್ದು, ಯೋಚನೆ ಮಾಡಿದ್ದು, ಎರಡನೆಯದು ಹಾಕಿದ್ದು. "ಚಿನ್ನಪ್ಪಣ್ಣನ ನಾಲಿಗೆ ಸಾಯೋ ತನಕ ಸರಿಯಾಗೇ ಇತ್ತು. ಸತ್ತಿದ್ದು ನಂದು."

ಕೆಲವರು ಅಮ್ಮನ ಕಡೆ ತಿರುಗಿ, ಕೂಡಲೇ ಎಲೆಯ ಕಡೆ ತಿರುಗಿದರು. ಇನ್ನಾಸಪ್ಪ ಬೋಗುಣಿಯ ಬಟ್ಟೆ ತೆಗೆದ. ಎರಡೂ ಕೈ ಇಳಿಸಿ ಬೊಗಸೆ ತುಂಬಿಕೊಂಡ. ಅಲ್ಲೇ ನಿಂತುಬಿಟ್ಟ.

ಇಪ್ಪತ್ತೆಂಟು ವರ್ಷ ಉಪ್ಪು ಹಿಡಿದ ಕೈ ಅದು. ಬೆವರಿನ ಅಂಗೈಯಲ್ಲಿ ಕಲ್ಲುಸಕ್ಕರೆ ಜಿಗುಟಾಗುತ್ತದೆ, ಉಪ್ಪು ಆಗುವುದಿಲ್ಲ. ಇದು ನನ್ನ ಬಿ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಅವನು ಬೊಗಸೆಯನ್ನು ನೋಡಿದ. ತಲೆ ಎತ್ತಿ ನೀರಿನ ಜಗ್ಗು ಹಿಡಿದಿದ್ದ ನನ್ನನ್ನು ನೋಡಿದ. ನಾನು ಜಗ್ಗನ್ನು ಎದೆಗೆ ಒತ್ತಿಕೊಂಡೆ. ಎಷ್ಟು ಹೊತ್ತು ನೋಡಿದನೋ, ಆಮೇಲೆ ಕೊಪ್ಪರಿಗೆಗೆ ಸುರಿದ. ಇನ್ನೊಂದು ಬೊಗಸೆ ತುಂಬಿ ಅದನ್ನೂ ಸುರಿದ. ಸೌಟು ಹಾಕಿ ತಿರುವಿದ. ಪಕ್ಕಕ್ಕೆ ಸರಿದು, ಕೈಕಟ್ಟಿ, ತಲೆ ತಗ್ಗಿಸಿ ನಿಂತ.

ಬಡಿಸಲು ಯಾರೂ ಮುಂದೆ ಬರಲಿಲ್ಲ. ಆಗ ಕೊನೆಯ ಸಾಲಿನಲ್ಲಿ ಅಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲೆಗಳ ನಡುವೆ ನಡೆದು ಬಂದು, ಇನ್ನಾಸಪ್ಪ ಬಿಟ್ಟಿದ್ದ ಸೌಟನ್ನು ಎತ್ತಿಕೊಂಡಳು. ಅವಳು ಅವನ ತಲೆಗೆ ಹೊಡೆಯುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಸಾರು ತೆಗೆದು, ಆರಲೆಂದು ಊದಿದಳು.

"ಕೈ ಹಿಡಿ," ಅಂದಳು. ಅವನು ಎಡಗೈ ಚಾಚಿದ. ಅವಳು ಸಾರು ಹನಿಸಿದಳು. ಮುನ್ನೂರು ಜನರ ಎದುರಿಗೆ, ಮಕ್ಕಳು ಮರಿಗಳ ಎದುರಿಗೆ, ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳಬಾರದ ಮಾತನ್ನು ಕೇಳಿದಳು: "ಇನ್ನಾಸಪ್ಪ, ಉಪ್ಪು ಸರಿಯಾಗಿದೆಯಾ?"

ಅವನು ಅಂಗೈ ಬಾಯಿಗೆ ತಂದು ಸುರಿದ. ಮುಖ ಕಿವುಚಿತು. ದೀಕ್ಷಾಸ್ನಾನದ ಕೂಸಿನ ಮುಖ ಕಿವುಚುತ್ತದಲ್ಲ, ಹಾಗೆ. ಕಣ್ಣು ಮುಚ್ಚಿಕೊಂಡ. ತೆರೆದ. ಅಂಗೈ ಇನ್ನೊಮ್ಮೆ ನೆಕ್ಕಿದ. ಬೆಳಿಗ್ಗೆ ತಾನೇ ಅಂಗೈಯಲ್ಲಿ ಅಳೆದು ಹಾಕಿದ್ದ ಉಪ್ಪು. ಹದಿನೆಂಟು ವರ್ಷ ಮುನ್ನೂರು ಜನ ಉಂಡು, ಅವನೊಬ್ಬ ಉಣ್ಣದೆ ಬಿಟ್ಟ ಉಪ್ಪು.

"ಸರಿಯಾಗಿದೆ ಅಕ್ಕಾ," ಅಂದ. ಮೆಲ್ಲಗೆ ಅಂದ. ಆಮೇಲೆ, ನಮ್ಮಪ್ಪ ಅನ್ನುತ್ತಿದ್ದ ಹಾಗೆ, ಕೊನೆಯ ಸಾಲಿಗೂ ಕೇಳುವಂತೆ, "ಸರಿಯಾಗಿದೆ."

ಪಾಪ, ನಾಲಿಗೆ ಸತ್ತವನು ಹೇಳುತ್ತಿದ್ದಾನೆ ಎಂದು ಜನ ಮುಖ ಮುಖ ನೋಡಿಕೊಂಡರು. ರಾಯಪ್ಪ ಸ್ವಾಮಿ ಎದ್ದು ಬಂದು, ತಾವೂ ಸೌಟಿನಿಂದ ಒಂದು ಹನಿ ಕೈಗೆ ಹಾಕಿಕೊಂಡು ನೆಕ್ಕಿದರು. ಹುಬ್ಬು ಮೇಲೇರಿತು. ಮತ್ತೊಂದು ಹನಿ ಹಾಕಿಕೊಂಡರು. "ಇದು... ಸಿಹಿಯಾಗಿದೆಯಲ್ಲಯ್ಯ," ಅಂದರು.

"ಹೌದು ಸ್ವಾಮಿ, ಉಪ್ಪು ಸರಿಯಾಗೈತೆ. ಸಕ್ಕರೆ ಒಸಿ ಜಾಸ್ತಿ ಬಿತ್ತು," ಎಂದು ಇನ್ನಾಸಪ್ಪ ನನ್ನ ಕಡೆ ತಿರುಗಿದ. ಎರಡೂ ಕೈ ಮುಗಿದ. "ಹೆಂಗೆ ಸ್ವಾಮಿಗಳೇ, ನೀವು ಹೇಳಿದ್ದು ಉಪ್ಪಲ್ವಾ? ಪ್ರಾಯಶ್ಚಿತ್ತನ ಮಧ್ಯದಲ್ಲಿ ಬದಲಾಯಿಸಿಬಿಟ್ರಾ?"

ನನ್ನ ಕೈಯ ಜಗ್ಗು ಜಾರಿ ಕಾಲ ಮೇಲೆ ಬಿತ್ತು.

"ಗೊತ್ತಿತ್ತಾ?" ಅಂದೆ. ಯಾವ ದನಿಯೂ ನೆರವಿಗೆ ಬರಲಿಲ್ಲ, ಕಂಡಕ್ಟರೂ ಇಲ್ಲ, ಪ್ರಿನ್ಸಿಪಾಲರೂ ಇಲ್ಲ. ಹೊರಬಂದದ್ದು ಆರು ವರ್ಷದ ಹುಡುಗನ ಹಾಗೆ ಸಣ್ಣಗೆ, ಒಡಕಾಗಿ, ನನಗೇ ಪರಿಚಯವಿಲ್ಲದ ನನ್ನ ದನಿ.

"ನಾಲಿಗೆ ಸತ್ತೋನಿಗೆ ಮೂಗೇ ಜೀವನ ಕಣಪ್ಪ. ಸ್ವಾಮಿಗಳು ಕೂತ್ರೆ ಗೂಡು ತುಂಬಾ ನಸ್ಯದ ವಾಸ್ನೆ. ಅವತ್ತು ಗೂಡು ತುಂಬಾ ಒಣಸೀಗಡಿ ಚಟ್ನಿ. ಸುಟ್ಟ ತೆಂಗಿನಕಾಯಿ ಹಾಕಿ ಅರೆಯೋದು, ಚಿನ್ನಪ್ಪಣ್ಣನ ಕೈದು, ಊರಲ್ಲಿ ಇನ್ಯಾರ ಮನೇಲೂ ಹಂಗೆ ಅರೆಯಲ್ಲ. ಅವನೇ ಒಳಗೆ ಬಂದು ಕೂತವ್ನೆ ಅನ್ನಿಸ್ತು. ಹದಿನೆಂಟು ವರ್ಸ ಬರದ ಬಾಯಿ ಅವತ್ತು ಅದಕ್ಕೇ ಬಂತು." ಅವನು ಒಂದು ಹೆಜ್ಜೆ ನನ್ನ ಕಡೆ ಬಂದ. "ನೀನೇ ಅಂತ ಗೊತ್ತಿದ್ದೇ ಹೇಳ್ದೆ. ನಿನಗಲ್ದೆ ಇನ್ಯಾರಿಗೆ ಹೇಳ್ಬೇಕಿತ್ತು."

"ಮಾವಾ, ನನ್ನದೂ ತಪ್ಪಾಯ್ತು," ಅಂದೆ. ಅಮ್ಮ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಏನೋ ಅರ್ಥವಾದವಳಂತೆ ಸೌಟಿನಲ್ಲಿ ಉಳಿದಿದ್ದ ಸಾರನ್ನು ತಾನೇ ಸುರಿದುಕೊಂಡಳು. ಸುರಿದುಕೊಂಡು, ಹದಿನೆಂಟು ವರ್ಷದ ಮೇಲೆ ಪಾಸ್ಖದ ಅಂಗಳದಲ್ಲಿ ಬಾಯಿ ಚಪ್ಪರಿಸಿ, "ಥೂ, ಪಾಯಸ," ಅಂದಳು.

ಇನ್ನಾಸಪ್ಪ ನನ್ನ ಕಡೆ ನೋಡಿದ. ಎರಡು ಬೆರಳು ಮೂಗಿಗೆ ಇಟ್ಟ. ಸೊರ್ರೆಂದು ಉಸಿರೆಳೆದು, ನಾನು ರಾಯಪ್ಪ ಸ್ವಾಮಿಯನ್ನು ಮಾಡುವ ಹಾಗೆಯೇ, ನನಗಿಂತ ಚೆನ್ನಾಗಿ, ಮೂಗಿನಲ್ಲೇ ಕೇಳಿದ: "ಹೂಂ, ಆಮೇಲೆ?"

ಮಲಗಿದ್ದ ಗುಡಿಯ ನಾಯಿ ಎದ್ದು ಬಾಲ ಆಡಿಸುತ್ತ ಅವನ ಹತ್ತಿರ ಹೋಯಿತು. ರಾಯಪ್ಪ ಸ್ವಾಮಿ ನಕ್ಕು ಸೀನಿದರು, ಸೀನಿ ನಕ್ಕರು. ಯಾಕೆಂದು ಪೂರ್ತಿ ತಿಳಿಯದಿದ್ದರೂ ಸಾಲಿನಿಂದ ಸಾಲಿಗೆ ನಗು ಹತ್ತಿಕೊಂಡಿತು. ನನಗೆ ನಗುವೋ ಅಳುವೋ ಗೊತ್ತಾಗದೆ ಬಾಯಿಗೆ ಬಂದದ್ದು ನುಂಗಿದೆ. ಅದರ ರುಚಿ ಏನಿತ್ತೆಂದು ಬಿಷಪ್ಪರ ಉತ್ತರ ಬರುವವರೆಗೆ ಹೇಳುವಂತಿಲ್ಲ. ಇನ್ನಾಸಪ್ಪ ಮಾತ್ರ ಕೊಪ್ಪರಿಗೆಯ ಅಂಚು ಹಿಡಿದುಕೊಂಡು, ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ, ಅಂಗೈ ನೆಕ್ಕುತ್ತ, ಮತ್ತೆ ನೆಕ್ಕುತ್ತ, ಏಳು ಸಾಲುಗಳ ನಗುವೂ ಅಡಗಿಹೋಗುವಷ್ಟು ಗಟ್ಟಿಯಾಗಿ ನಗುತ್ತಿದ್ದ.